ಬುಕ್ಕರಾಯನ ಇಪ್ಪತ್ತು ಕಾವಲುಗಾರರು

ಹಂಪಿಯ ಗುಡಿಗಳಲ್ಲಿ ಬಂದೂಕು ಹಾರಿಸುವಂತಿಲ್ಲ. ಒಲೆ ಹೂಡಿ ಅಡುಗೆ ಮಾಡುವಂತಿಲ್ಲ, ಬುತ್ತಿ ಬಿಚ್ಚಿ ಉಣ್ಣಲೂ ಗೊತ್ತುಮಾಡಿದ ಜಾಗವೇ ಆಗಬೇಕು. ಭಿಕ್ಷೆ ಬೇಡುವಂತಿಲ್ಲ. ದನ, ಕುದುರೆ, ನಾಯಿ ಯಾವುದನ್ನೂ ಹೊಡೆದುಕೊಂಡು ಬರುವಂತಿಲ್ಲ. ಸಭೆ, ಸತ್ಕಾರ, ಮನರಂಜನೆ ಏನೇ ಇಟ್ಟುಕೊಂಡರೂ ಕೇಂದ್ರ ಸರ್ಕಾರದ ಲಿಖಿತ ಅಪ್ಪಣೆ ಬೇಕು. ಪರವಾನಗಿ ಇಲ್ಲದೆ ಕಡಲೆಕಾಯಿ ಮಾರುವಂತಿಲ್ಲ, ದುಡ್ಡು ಇಸಿದುಕೊಂಡು ಇನ್ನೊಬ್ಬರಿಗೆ ಗುಡಿ ತೋರಿಸುವಂತೆಯೂ ಇಲ್ಲ. ಇವೆಲ್ಲ 1959ರ ಪ್ರಾಚೀನ ಸ್ಮಾರಕಗಳ ನಿಯಮಾವಳಿಯಲ್ಲಿವೆ, 7 ಮತ್ತು 8ನೇ ನಿಯಮದಲ್ಲಿ. ದುಡ್ಡು ಇಸಿದುಕೊಂಡು ಗುಡಿ ತೋರಿಸುವ ಮಾತು ಬಂತಲ್ಲ, ನನ್ನ ಅನ್ನ ಹುಟ್ಟುವುದು ಅಲ್ಲಿಂದಲೇ. ನಾನು ಕಮಲಾಪುರದವನು, ಹಂಪಿಯಲ್ಲಿ ಗೈಡ್. ಕೊರಳಲ್ಲಿ ನೇತಾಡುವ ಚೀಟಿ ಇಲ್ಲದಿದ್ದರೆ ನಾನು ಬಾಯಿ ಬಿಡುವುದೇ ಅಪರಾಧ.

ಬಂದವರು ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ. ಕಟ್ಟಿಸಿದವರು ಯಾರು, ಕೆಡವಿದವರು ಯಾರು? ಕೃಷ್ಣದೇವರಾಯನ ಹೆಸರು, 1565ರ ತಾಳಿಕೋಟೆ ಯುದ್ಧದ ಹೆಸರು ಹೇಳಿದರೆ ಅವರಿಗೆ ಸಮಾಧಾನ. ಕಟ್ಟಿದ್ದಕ್ಕೂ ಈಹೊತ್ತಿಗೂ ನಡುವೆ ಇದನ್ನು ಕಾಯ್ದವರು ಯಾರು ಎಂದು ಕೇಳುವವರು ಅಪರೂಪ. ನನಗೆ ಮಾತಾಡಬೇಕು ಅನಿಸುವುದು ಅದರ ಬಗ್ಗೆಯೇ.

ಹಳೆಯ ಕಟ್ಟಡದ ಮುಂದೆ ಜನ ಹೇಗೆ ನಡೆದುಕೊಳ್ಳಬೇಕು ಎಂಬ ಕಟ್ಟುಪಾಡು ಬ್ರಿಟಿಷರೊಂದಿಗೆ ಬಂತು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಸೀಮೆಯ ಯಾವ ದಾನಶಾಸನವನ್ನಾದರೂ ನೋಡಿ. ತಲೆಯಲ್ಲಿ ಸೂರ್ಯ ಚಂದ್ರ, ಪಕ್ಕಕ್ಕೆ ಹಸು ಕರು, ನಡುವೆ ಯಾರು ಯಾರಿಗೆ ಏನು ಕೊಟ್ಟರೆಂಬ ವಿವರ, ಬುಡಕ್ಕೆ ಬಂದಾಗ ಶಾಪ. ಇದನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಪೊಲೀಸು, ಕೋರ್ಟು ಯಾವುದೂ ಇಲ್ಲ. ಓದು ಬಾರದವನಿಗೂ ಹಸು ಕರುವಿನ ಚಿತ್ರ ನೋಡಿದರೆ ಇದು ಮುಟ್ಟಬಾರದ ಕಲ್ಲೆಂದು ಗೊತ್ತಾಗುತ್ತಿತ್ತು. ಇವತ್ತಿನ ಪುರಾತತ್ವ ಇಲಾಖೆಯ ನೀಲಿ ಫಲಕಕ್ಕಿಂತ ಮೊದಲಿನ ಫಲಕ ಅದು.

ಆದರೆ ಆ ಕಾಲದ ಅರಸರು ಶಾಪವೊಂದನ್ನೇ ನಂಬಿ ಕೂತಿರಲಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಶಾಸನ ಒಂದಿದೆ, ವಿಜಯನಗರದ ಒಂದನೆಯ ಬುಕ್ಕರಾಯನದು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹತ್ತಿತ್ತು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಯಾರದು ಎಂಬುದೇ ಜಗಳದ ಮೂಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಯ ಕಡೆಯ ಜೈನರೆಲ್ಲ ಕೂಡಿ ರಾಜನಿಗೆ ದೂರು ಕೊಟ್ಟರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲ ಎಂದು ತೀರ್ಪು ಕೊಟ್ಟ. ಜೈನರ ಹಳೆಯ ಹಕ್ಕು ಜೈನರಿಗೇ ಉಳಿಯಿತು.

ಶಾಲೆಯ ಪುಸ್ತಕಗಳಲ್ಲಿ ಕತೆ ಇಲ್ಲಿಗೆ ಮುಗಿಯುತ್ತದೆ, ಮತಸಾಮರಸ್ಯದ ಪಾಠವಾಗಿ. ಶಾಸನ ಇನ್ನೂ ಮುಂದಕ್ಕೆ ಹೋಗುತ್ತದೆ. ರಾಜ್ಯದಲ್ಲಿರುವ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಮೈಗಾವಲಿಗೆ ಇಪ್ಪತ್ತು ಆಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಉಸ್ತುವಾರಿ ಹೊರಬೇಕಾದವರು ತಿರುಮಲೆಯ ತಾತಯ್ಯ, ಅಂದರೆ ಜಗಳದಲ್ಲಿ ಎದುರು ಕಡೆಯಾಗಿದ್ದ ವೈಷ್ಣವರ ಪೈಕಿಯವರು. ಇಷ್ಟೆಲ್ಲ ಗೊತ್ತುಮಾಡಿದ ಮೇಲೆ, ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘದ್ರೋಹಿ ಎಂಬ ಎಚ್ಚರಿಕೆ. ಅದರ ಹಿಂದೆ ಗೋಹತ್ಯೆಯ ಶಾಪ.

ಕ್ರಮ ನೋಡಿ. ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಎಂಬುದು, ಆಮೇಲೆ ಕಾಯುವ ಜನ ಎಷ್ಟು ಎಂಬುದು, ಆಮೇಲೆ ದುರಸ್ತಿ. ದಂಡನೆಯ ಮಾತು ಕಟ್ಟಕಡೆಗೆ. ಗಲಾಟೆ ಮಾಡಬಹುದಾದವರ ಹೆಗಲಿಗೇ ಕಾವಲಿನ ಹೊಣೆ ಹೊರಿಸಿದ್ದಂತೂ ಪಕ್ಕಾ ರಾಜಕಾರಣಿಯ ಬುದ್ಧಿ.

1565ರ ನಂತರ ಹಂಪಿಗೆ ಇಂಥ ಕಾವಲು ಇರಲಿಲ್ಲ. ಬಯಲಾದ ಊರಿಗೆ ನಿಧಿಗಳ್ಳರು ಬಂದರು. ಗರ್ಭಗುಡಿಯ ನೆಲ ಅಗೆದರು, ಪೀಠ ಎಬ್ಬಿಸಿದರು. ಬಂಗಾರ ಹುಗಿದಿದ್ದಾರೆಂದು ನಂಬಿದವನಿಗೆ ಶಾಪದ ಭಯ ಎಲ್ಲಿಯದು? ಆದರೆ ಅದೇ ಊರಿಗೆ ಸಂಸಾರಸ್ಥರೂ ಬಂದರು. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿ ಒಲೆ ಹೂಡಿದರು, ದನ ಕಟ್ಟಿದರು. ಇದು ಹಂಪಿಯ ಕತೆ ಮಾತ್ರ ಅಲ್ಲ. ಐಹೊಳೆಗೆ ಹೋದರೆ ಲಾಡಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂದು ತೋರಿಸುತ್ತಾರೆ. ಚಾಲುಕ್ಯರ ಕಾಲದ ಗುಡಿಗೆ ಲಾಡಖಾನ್ ಎಂಬ ಹೆಸರು ಬಂದದ್ದು ಆ ಹೆಸರಿನವನೊಬ್ಬ ಅಲ್ಲಿ ವಾಸವಾಗಿದ್ದರಿಂದ. ಹೊಗೆ ಹಿಡಿದು ಸೂರು ಕಪ್ಪಾಯಿತು, ನಿಜ. ಆದರೆ ರಾತ್ರಿ ದೀಪ ಉರಿಯುವ ಗುಡಿಗೆ ಹಾರೆ ಹಿಡಿದು ನುಗ್ಗಲು ಕಳ್ಳನಿಗೂ ಧೈರ್ಯ ಬೇಕು.

1799ರಲ್ಲಿ ಬ್ರಿಟಿಷ್ ಸರ್ವೇಯರ್ ಕಾಲಿನ್ ಮೆಕೆಂಜಿ ಬಂದು ಹಂಪಿಯನ್ನು ಅಳೆದು ನಕ್ಷೆ ಮಾಡಿಸಿದ. ಮರುವರ್ಷ ನಿಜಾಮನು ಹಂಪಿ ಸೇರಿದ್ದ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ಈಗ ಅದು ಇಲ್ಲ. 50 ರೂಪಾಯಿ ನೋಟಿನ ಮೇಲಿರುವುದು ಶಿಖರ ಕಳೆದುಕೊಂಡ ರಥ.

ಕಂಪನಿ ಹೋಗಿ ರಾಣಿಯ ಸರ್ಕಾರ ಬಂದ ಮೇಲೆ ನೆಲದೊಳಗಿನ ಮಾಲಿಗೆ ಕಾನೂನು ಬಂತು. 1878ರ ನಿಧಿ ಕಾಯ್ದೆಯಂತೆ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಏನೇ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕು. ನೆಲದ ಮೇಲಿನ ಕಲ್ಲಿಗೆಂದೇ ಪೂರ್ಣ ಪ್ರಮಾಣದ ಕಾಯ್ದೆ ಬರಲು ಇನ್ನೂ 26 ವರ್ಷ ಕಾಯಬೇಕಾಯಿತು. ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದಾಗ 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು. ಇವತ್ತಿನ ಎಲ್ಲ ನಿಯಮಗಳ ಹೆತ್ತತಾಯಿ ಅದು.

ಅದರಲ್ಲಿ ಎರಡು ತೂಕದ ದಂಡ ಇದ್ದವು. ಸ್ಮಾರಕವನ್ನು ಕೆಡಿಸಿದವನಿಗೆ, ಒಡೆದವನಿಗೆ, ಕಿತ್ತುಕೊಂಡು ಹೋದವನಿಗೆ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಜವಾನನ ಸಂಬಳ ತಿಂಗಳಿಗೆ ಹತ್ತಾರು ರೂಪಾಯಿ ಇದ್ದ ಕಾಲದಲ್ಲಿ 5,000 ಎಂದರೆ ಮನೆ ಮಠ ಮಾರಿದರೂ ತೀರದ ಮೊತ್ತ. ಇನ್ನೊಂದು, ನೋಡಲು ಬಂದು ನಿಯಮ ಮುರಿದವನಿಗೆ. ಸರ್ಕಾರಿ ಸ್ಮಾರಕದೊಳಗೆ ಹೋಗುವುದು ಸಾರ್ವಜನಿಕರ ಹಕ್ಕು ಎಂದು ಒಪ್ಪಿಕೊಂಡ ಕಾಯ್ದೆಯೂ ಇದೇ. ಆದರೆ ಆ ಹಕ್ಕಿಗೆ ನಿಯಮದ ಬೇಲಿ ಹಾಕಿ, ಬೇಲಿ ಹಾರಿದವನಿಗೆ 20 ರೂಪಾಯಿವರೆಗೆ ದಂಡ ಎಂದಿತು.

ಸ್ವಾತಂತ್ರ್ಯ ಬಂತು. 1953ರಲ್ಲಿ ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1958ರಲ್ಲಿ ನಮ್ಮದೇ ಸಂಸತ್ತು ಹೊಸ ಕಾಯ್ದೆ ಮಾಡಿತು, ಮರುವರ್ಷ ನಿಯಮಾವಳಿ ಬಂತು. ನಿಯಮ ಮುರಿದ ಪ್ರವಾಸಿಗನ ದಂಡ 20ರಿಂದ 500ಕ್ಕೆ ಏರಿತು. ಕಲ್ಲು ಕೆಡಿಸಿದವನ ದಂಡ ಮಾತ್ರ ಕರ್ಜನ್ ಇಟ್ಟಲ್ಲೇ ನಿಂತಿತು: ಮೂರು ತಿಂಗಳು, 5,000 ರೂಪಾಯಿ. ಅದು ಬದಲಾದದ್ದು 2010ರ ತಿದ್ದುಪಡಿಯಲ್ಲಿ, ಎರಡು ವರ್ಷ ಜೈಲು ಅಥವಾ ಒಂದು ಲಕ್ಷ ದಂಡ, ಇಲ್ಲವೇ ಎರಡೂ ಎಂದು. 106 ವರ್ಷ ಒಂದೇ ಮೊತ್ತ! ಅಷ್ಟರಲ್ಲಿ 5,000 ರೂಪಾಯಿ ದೊಡ್ಡ ಹೋಟೆಲಿನ ಒಂದು ರಾತ್ರಿಯ ಬಾಡಿಗೆಗೆ ಇಳಿದಿತ್ತು. ಬಿಸಿಲಿಗೆ ಬಣ್ಣ ಹಾರಿದ ಹಳೆಯ ಫಲಕಗಳಲ್ಲಿ ಇವತ್ತಿಗೂ ಆ ಅಂಕಿ ಓದಬಹುದು.

ಇನ್ನು ನಿಯಮ ಸ್ಥಳದಲ್ಲಿ ಹೇಗೆ ನಡೆಯುತ್ತದೆ ಎನ್ನುವುದು ಬೇರೆಯೇ ಸಂಗತಿ. ಪ್ರಾಣಿ ತರಬಾರದು ಎನ್ನುತ್ತದೆ 8ನೇ ನಿಯಮ. ವಿರೂಪಾಕ್ಷನ ಗುಡಿಯಲ್ಲಿ ಆನೆ ಲಕ್ಷ್ಮಿ ಸೊಂಡಿಲೆತ್ತಿ ಆಶೀರ್ವಾದ ಮಾಡುತ್ತಾಳೆ. ಜನ ಸೇರಿಸಬಾರದು ಎನ್ನುತ್ತದೆ 7ನೇ ನಿಯಮ. ಚೈತ್ರದ ಜೋಡಿ ತೇರಿಗೆ ಬಜಾರಿನ ಬೀದಿ ತುಂಬಿ ತುಳುಕುತ್ತದೆ. ತೇರಿನ ಈ ಜನಸಂದಣಿ ಉಲ್ಲಂಘನೆಯಲ್ಲ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ 7ನೇ ನಿಯಮದಲ್ಲೇ ವಿನಾಯಿತಿ ಇದೆ. ಅಷ್ಟೇ ಅಲ್ಲ, ಸ್ಮಾರಕದಲ್ಲಿ ನಡೆದುಬಂದ ಪದ್ಧತಿಯನ್ನು ಮುರಿಯುವುದನ್ನೂ ಅದೇ 8ನೇ ನಿಯಮ ನಿಷೇಧಿಸುತ್ತದೆ. ಹಾಗಾಗಿ ಚಪ್ಪಲಿ ಬಿಟ್ಟು ಬಾ ಎಂದು ಅಜ್ಜಿಯೊಬ್ಬಳು ಗದರಿಸಿದರೆ ಆಕೆ ಕೇಂದ್ರ ಸರ್ಕಾರದ ನಿಯಮವನ್ನೇ ಜಾರಿ ಮಾಡಿದಂತೆ. ಪೂಜೆ ನಡೆಯುವ ಗುಡಿಯಲ್ಲಿ ಕಂಬದ ಮೇಲೆ ಹೆಸರು ಕೆತ್ತುವ ಹುಡುಗರು ಕಡಿಮೆ. ಅಲ್ಲಿ ನೋಡುವ ಕಣ್ಣು ಹೆಚ್ಚು.

ವಿಠ್ಠಲ ಗುಡಿಯಲ್ಲಿ ಪೂಜೆ ಇಲ್ಲ. ಅಲ್ಲಿಯದು ಬೇರೆ ಪರಿ. ಮಹಾಮಂಟಪದ ಸಂಗೀತ ಕಂಬಗಳ ಹತ್ತಿರ ನಿಂತು ನೋಡಿದರೆ ನಾನು ಹೇಳುವುದು ತಿಳಿಯುತ್ತದೆ. ದಪ್ಪ ಕಂಬದ ಸುತ್ತ ಅದೇ ಬಂಡೆಯಲ್ಲಿ ಬಿಡಿಸಿದ ಸಣಕಲು ಕಂಬಗಳು, ಮುಂಗೈ ಗಾತ್ರದವು. ಮೇಲೂ ಕೆಳಗೂ ಕಲ್ಲಿನ ಬಣ್ಣ ತಿಳಿ, ಮೈ ಒರಟು. ಎದೆಮಟ್ಟದಲ್ಲಿ ಮಾತ್ರ ಒಂದು ಗೇಣು ಕಪ್ಪಗೆ, ಎಣ್ಣೆ ಸವರಿದ ಹಾಗೆ ನುಣ್ಣಗೆ. ತಲೆಮಾರುಗಳ ಕಾಲ ಬೆರಳ ಗೆಣ್ಣು ಬಡಿದದ್ದು ಅಲ್ಲಿ. ನನಗಿಂತ ಹಿರಿಯ ಗೈಡುಗಳು ಸರಿಗಮ ನುಡಿಸಿ ತೋರಿಸಿಯೇ ಹೆಸರು ಮಾಡಿದವರು. ಕಂಬದೊಳಗೆ ಏನಿದೆ ನೋಡಲು ಬ್ರಿಟಿಷರು ಎರಡನ್ನು ಕೊಯ್ದರಂತೆ ಎಂಬ ಕತೆಯನ್ನು ನಾವೆಲ್ಲ ಹೇಳುತ್ತೇವೆ. ದಾಖಲೆ ಎಲ್ಲಿ ಎಂದು ಕೇಳಿದರೆ ನೀರಿನ ಬಾಟಲಿ ಎತ್ತಿ ಕುಡಿಯುತ್ತೇವೆ. ಈಗ ಬಡಿಯುವುದು ಸಂಪೂರ್ಣ ಬಂದ್. ಆದರೂ ಬಂದವರ ಕೈ ತಾನಾಗಿ ಏಳುತ್ತದೆ.

"ಒಂದೇ ಒಂದು ಸಲ ಸಾರ್, ಮಗಳಿಗೆ ಕೇಳಿಸಬೇಕಿತ್ತು."

"ಬ್ಯಾಡ್ರಿ ಸಾರ್. ನಿಮ್ಮದು ಒಂದ ಸಲ, ಹಿಂದ ನಿಂತಾರಲ್ರೀ, ಅವರದೂ ಒಂದೊಂದ ಸಲ."

ಅವರು ಹಿಂದೆ ತಿರುಗಿ ಸಾಲು ನೋಡುತ್ತಾರೆ, ಕೈ ಜೇಬಿಗೆ ಹೋಗುತ್ತದೆ. ಫಲಕದ ಮೇಲಿನ ಎರಡು ವರ್ಷ ಜೈಲಿನ ಮಾತಿಗೆ ಹಾಗೆ ಜೇಬಿಗೆ ಹೋದ ಕೈಯನ್ನು ನಾನು ನೋಡಿಲ್ಲ. ರಥದ ಚಕ್ರಗಳದೂ ಇದೇ ಹಾಡು. ಒಂದು ಕಾಲಕ್ಕೆ ತಿರುಗುತ್ತಿದ್ದವು, ತಿರುಗಿಸಿ ತಿರುಗಿಸಿ ಸವೆಯುತ್ತವೆಂದು ಸಿಮೆಂಟು ಹಾಕಿ ನಿಲ್ಲಿಸಿದರು ಎಂದು ಹಿರಿಯರು ಹೇಳುತ್ತಾರೆ. ಹತ್ತಿರ ಹೋಗದಂತೆ ಈಗ ಸುತ್ತ ತಡೆ ಬಂದಿದೆ. ಪೆಟ್ರೋಲ್ ಗಾಡಿಗಳು ದೂರದಲ್ಲೇ ನಿಲ್ಲುತ್ತವೆ. ಬ್ಯಾಟರಿ ಗಾಡಿಯಲ್ಲಿ ಬರಬೇಕು, ಇಲ್ಲವೇ ನಡೆಯಬೇಕು.

1959ರ ನಿಯಮ ಬರೆದವರ ಕಣ್ಣೆದುರು ಇದ್ದದ್ದು ಹೊರಗಿನಿಂದ ಬಂದು, ನೋಡಿ, ಸೂರ್ಯ ಮುಳುಗುವಷ್ಟರಲ್ಲಿ ಹೊರಟುಹೋಗುವ ಮನುಷ್ಯ. ಸೂರ್ಯ ಮುಳುಗಿದ ಮೇಲೂ ಅಲ್ಲೇ ಇರುವವರ ಗತಿ ಏನು? ಹಂಪಿ ಬಜಾರಿನಲ್ಲಿ ಈ ಪ್ರಶ್ನೆ ಬಹಳ ವರ್ಷ ಬಾಯಿಬಿಡದೆ ಕೂತಿತ್ತು. ವಿರೂಪಾಕ್ಷನ ಎದುರಿನ ಸಾಲುಮಂಟಪಗಳಲ್ಲಿ ಸಂಸಾರಗಳಿದ್ದವು, ಚಹಾದಂಗಡಿ, ಬಟ್ಟೆಯಂಗಡಿ, ಪುಸ್ತಕದಂಗಡಿ ಇದ್ದವು. ಸ್ಮಾರಕದೊಳಗೆ ಅಡುಗೆ ಕೂಡದೆಂದು ನಿಯಮ ಇರುವಾಗಲೂ ಬೆಳಿಗ್ಗೆ ಒಗ್ಗರಣೆಯ ವಾಸನೆ ಬರುತ್ತಿತ್ತು.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ಕಾಯಬೇಕಾದದ್ದು ಬಿಡಿ ಗುಡಿಗಳನ್ನಲ್ಲ, 4,187 ಹೆಕ್ಟೇರ್ ನೆಲವನ್ನು, ಗುಡ್ಡ, ಹೊಳೆ, ಗದ್ದೆ ಸಮೇತ. 1999ರಲ್ಲಿ ತುಂಗಭದ್ರೆಗೆ ಕಟ್ಟುತ್ತಿದ್ದ ತೂಗುಸೇತುವೆಗಳ ದೆಸೆಯಿಂದ ಹೆಸರು ಅಪಾಯದ ಪಟ್ಟಿಗೆ ಹೋಯಿತು, 2006ರವರೆಗೆ ಅಲ್ಲೇ ಇತ್ತು. ನಡುವೆ 2002ರಲ್ಲಿ ರಾಜ್ಯ ಸರ್ಕಾರ ಹಂಪಿಗೆಂದೇ ಕಾಯ್ದೆ ಮಾಡಿ ಪ್ರಾಧಿಕಾರ ರಚಿಸಿತು. 1992ರ ಅಧಿಸೂಚನೆಯಲ್ಲಿದ್ದ ಗಡಿ, ಅಂದರೆ ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟಬಾರದು, ಅದರಾಚೆ 200 ಮೀಟರ್ ಒಳಗೆ ಕೇಳಿ ಕಟ್ಟಬೇಕು ಎಂಬುದು 2010ರಲ್ಲಿ ಕಾಯ್ದೆಯ ಒಳಕ್ಕೇ ಬಂತು. 2011ರ ಜುಲೈನಲ್ಲಿ ಬಜಾರಿಗೆ ಜೆಸಿಬಿ ಬಂತು. ಅಂಗಡಿ ಮನೆಗಳೆಲ್ಲ ನೆಲಸಮವಾದವು. ಜನರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು.

ಕಂಬಕ್ಕೆ ಮೊಳೆ ಹೊಡೆದು ಷಟರ್ ಕೂರಿಸಿದ್ದು ತಪ್ಪಲ್ಲ ಎಂದು ನಾನು ವಾದಿಸುವುದಿಲ್ಲ. ತೆರವಾದ ಮೇಲೆ ಸಾಲುಮಂಟಪದ ಚೆಲುವು ಕಣ್ಣಿಗೆ ಬಿತ್ತು, ಅದೂ ನಿಜ. ಆದರೆ ಅಲ್ಲಿದ್ದವರು ಸಂಬಳವಿಲ್ಲದ ಕಾವಲುಗಾರರೂ ಆಗಿದ್ದರು. ಸೂರು ಸೋರಿದರೆ ಮೊದಲು ತಿಳಿಯುತ್ತಿದ್ದುದು ಅವರಿಗೆ. ಅಪರಾತ್ರಿ ಯಾರಾದರೂ ಅಡ್ಡಾಡಿದರೆ ಕೇಳುವವರು ಇದ್ದರು. 2024ರ ಮೇ ತಿಂಗಳ ಮಳೆಗೆ ಅದೇ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದಲ್ಲ; ವಾಲುತ್ತಿದೆ ಎಂದು ಕೂಗಿ ಹೇಳಲು ಒಂದು ಬಾಯಿಯಾದರೂ ಇರುತ್ತಿತ್ತು.

ಕಾವಲಿನ ಬೆಲೆ ಏನೆಂದು 2019 ಎರಡು ಸಲ ತೋರಿಸಿತು. ವರ್ಷದ ಆರಂಭದಲ್ಲಿ ಒಂದು ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಹತ್ತಿರ ಹುಡುಗರು ಕಂಬವೊಂದನ್ನು ತಳ್ಳಿ ಕೆಡವುತ್ತಾರೆ, ನಗುತ್ತಾರೆ. ಅದನ್ನು ಕಂಡು ನಾಡೇ ಸಿಟ್ಟಾಯಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ನನ್ನ ಲೆಕ್ಕದಲ್ಲಿ ದಂಡಕ್ಕಿಂತ ದೊಡ್ಡ ಶಿಕ್ಷೆ ಎರಡನೆಯದು. ಕೆಡವಲು ಒಂದು ತಳ್ಳು ಸಾಕು, ನಿಲ್ಲಿಸಲು ಎಷ್ಟು ಹೆಗಲು ಬೇಕೆಂದು ಮೈಗೆ ಗೊತ್ತಾಗಬೇಕು. ಆದರೆ ಅವರನ್ನು ಹಿಡಿದುಕೊಟ್ಟದ್ದು ಅವರದೇ ವಿಡಿಯೋ. ತಳ್ಳುವಾಗ ಅಲ್ಲಿ ಬೇಡವೆನ್ನುವವರು ಯಾರೂ ಇರಲಿಲ್ಲ.

ಅದೇ ವರ್ಷದ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ಮಾಧ್ವ ಯತಿ ವ್ಯಾಸರಾಜರ ಸಮಾಧಿಯಾದ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಹಾಕಿದರು. ಸುದ್ದಿ ತಿಳಿದದ್ದೇ ತಡ, ಭಕ್ತರು ದೋಣಿ ಹತ್ತಿ ಹೊಳೆ ದಾಟಿ ಬಂದರು. ಚೂರುಗಳನ್ನು ಆರಿಸಿ ಜೋಡಿಸಿ, ಕೈಯಾರೆ ಕಲ್ಲು ಹೊತ್ತು, ನೋಡನೋಡುತ್ತಿದ್ದಂತೆ ವೃಂದಾವನ ಮತ್ತೆ ಎದ್ದು ನಿಂತಿತು. ಯಾವ ಕಾಯ್ದೆಯೂ ಅವರನ್ನು ಕರೆದಿರಲಿಲ್ಲ. ಅದು ತಮ್ಮದು ಎಂಬ ಭಾವನೆ ಎಳೆದು ತಂದಿತು. ಆದರೂ ಒಂದು ಮಾತು. ಒಡೆದದ್ದು ರಾತ್ರಿ, ಜನ ಬಂದದ್ದು ಬೆಳಗಾದ ಮೇಲೆ. ಎಷ್ಟೇ ಭಕ್ತಿ ಇದ್ದರೂ ರಾತ್ರಿಯ ಹೊತ್ತು ಕಾಯಲು ಆಳು ಬೇಕು.

ಆಳಿನ ಲೆಕ್ಕ ಹೇಗಿದೆ? 2013ರಲ್ಲಿ ಮಹಾಲೇಖಪಾಲರು ದೇಶದ ಸಂರಕ್ಷಿತ ಸ್ಮಾರಕಗಳನ್ನು ತಪಾಸಣೆ ಮಾಡಿಸಿದಾಗ 92 ಸ್ಮಾರಕಗಳು ಇರಬೇಕಾದ ಜಾಗದಲ್ಲಿ ಸಿಗಲೇ ಇಲ್ಲ. 2022ರ ಡಿಸೆಂಬರಿನಲ್ಲಿ ಸಂಸದೀಯ ಸ್ಥಾಯಿ ಸಮಿತಿಯೊಂದು ಕೊಟ್ಟ ವರದಿಯಂತೆ, ಕೇಂದ್ರದ ಸಂರಕ್ಷಣೆಯಲ್ಲಿದ್ದ ಸ್ಮಾರಕಗಳು 3,693. ಕಾವಲಿಗೆ ಬೇಕಾದವರು 7,000 ಮಂದಿ, ಒದಗಿಸಲು ಆದದ್ದು 2,578 ಮಂದಿ, ಅದೂ 248 ಕಡೆ. ಕಾರಣ, ದುಡ್ಡಿಲ್ಲ. ಆ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸ್ಮಾರಕಗಳನ್ನು ಕಾಯುತ್ತಿದ್ದುದು ಬರಿಯ ಫಲಕ. ಶಾಪ ಬರೆದ ಕಲ್ಲನ್ನೊಂದೇ ನಿಲ್ಲಿಸಿ ಹೊರಟುಹೋದಂತಾಯಿತು. ಶಾಪಕ್ಕೂ ಮೊದಲು ಬುಕ್ಕರಾಯ ಬರೆಸಿದ್ದ ಸಾಲುಗಳು ಬಿಟ್ಟುಹೋದವು.

ದಂಡ ಹೆಚ್ಚಿಸಬೇಡಿ ಎಂದು ನಾನು ಹೇಳುತ್ತಿಲ್ಲ. 20 ರೂಪಾಯಿ 500 ಆದದ್ದು, 5,000 ಲಕ್ಷವಾದದ್ದು ಸರಿಯೇ. ಆದರೆ ದಂಡ ವಸೂಲಿ ಮಾಡಲು ಹಿಡಿಯುವವನು ಬೇಕು, ಹಿಡಿಯುವುದಕ್ಕಿಂತ ಮೊದಲು ಬೇಡಪ್ಪಾ ಎನ್ನುವವನು ಬೇಕು. ಅಂಥವರು ಕಮಲಾಪುರದಲ್ಲಿ, ಕಡ್ಡಿರಾಂಪುರದಲ್ಲಿ, ಆನೆಗೊಂದಿಯಲ್ಲಿ ಬೇಕಾದಷ್ಟಿದ್ದಾರೆ. ಬಜಾರಿನಿಂದ ಎದ್ದುಹೋದ ಮನೆಗಳ ಮಕ್ಕಳಿಗೆ ಯಾವ ಮಂಟಪದ ಯಾವ ಕಂಬ ಸಡಿಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎದುರು ಪಕ್ಷದವರನ್ನೇ ಕಾವಲಿಗೆ ಹಚ್ಚಿದ ಅರಸನ ರಾಜಧಾನಿ ಇದು; ಒಕ್ಕಲೆಬ್ಬಿಸಿದವರನ್ನು ಕರೆದು ಕೆಲಸ ಕೊಡುವುದು ಇಲ್ಲಿ ಹೊಸ ಪದ್ಧತಿಯೇನೂ ಆಗುವುದಿಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸವಾದರೂ ಆಗಲಿ. ನೀಲಿ ಫಲಕದಲ್ಲಿ ಕೆಡಿಸಿದವನಿಗೆ ಎಷ್ಟು ವರ್ಷ, ಎಷ್ಟು ದಂಡ ಎಂದು ಬರೆಯುತ್ತಾರಲ್ಲ, ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲಿ: ಈ ಗುಡಿಯನ್ನು ಕಾಯುವವರು ಎಷ್ಟು ಜನ, ಈ ವರ್ಷ ಇದರ ದುರಸ್ತಿಗೆ ಇಟ್ಟ ಹಣ ಎಷ್ಟು. 1368ರ ಕಲ್ಲಿನ ಮೇಲೆ ಎರಡೂ ಇವೆ.